ಬೀಗ ತೆಗೆದ ಊರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ, "ಸರ್, ನಾನು ಓದಿದ್ದು ಬಿ.ಇ., ಬರೆಯೋದು ಕಂಪ್ಯೂಟರಿಗೆ ಮಾತ್ರ" ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಸಮಾಜದಲ್ಲಿ ನಿನಗೆ ತೊಂಬತ್ತು ಕೊಟ್ಟವನು ನಾನೇ ಕಣಯ್ಯ, ಇತಿಹಾಸಾನೇ ಬರಿ" ಎಂದರು. ಮೇಷ್ಟ್ರ ಮಾತು ಮೀರುವ ಧೈರ್ಯ ಇವತ್ತಿಗೂ ಇಲ್ಲ. ಆದರೆ ನಾನು ಬರೆಯುತ್ತಿರುವುದು ರಾಜರ ಇತಿಹಾಸವಲ್ಲ, ಜಪಾನಿನ ಒಂದು ಗುಡ್ಡಗಾಡು ಊರಿನದು.

ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ಒಸಾಕಾದಲ್ಲಿದ್ದೆ. ರಜೆಯಲ್ಲಿ ಒಮ್ಮೆ ಬಸ್ಸು ಹತ್ತಿ ಶಿಕೋಕು ದ್ವೀಪದ ತೊಕುಶಿಮಾಕ್ಕೆ, ಅಲ್ಲಿಂದ ಕಾಮಿಯಾಮಾ ಎಂಬ ಊರಿಗೆ ಹೋದೆ. ನಮ್ಮ ಕಸುಬಿನವರ ನಡುವೆ ಆ ಊರಿಗೆ ಒಂದಿಷ್ಟು ಹೆಸರಿದೆ. ಹೊಳೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದ ಯುವಕನ ದೃಶ್ಯ ಅಲ್ಲಿನ ಟಿವಿಯಲ್ಲಿ ಬಂದು ಪ್ರಸಿದ್ಧವಾಗಿತ್ತು. ನಾನು ಅದನ್ನೇ ನೋಡಲು ಹೋದವನು. ನೋಡಿ ಬಂದದ್ದು ಬೇರೆ.

ಕಾಮಿಯಾಮಾ 1955ರಲ್ಲಿ ಐದು ಹಳ್ಳಿಗಳು ಸೇರಿ ಆದ ಊರು. ಆಗ ಜನಸಂಖ್ಯೆ ಸುಮಾರು 21 ಸಾವಿರ. ಸುತ್ತಲೂ ಬೆಟ್ಟ, ಬೆಟ್ಟದ ತುಂಬ ಸುಗಿ ಮರ. ಯುದ್ಧ ಮುಗಿದ ಮೇಲೆ ಮನೆ ಕಟ್ಟಲು ಮರ ಬೇಕೆಂದು ದೇಶದ ತುಂಬ ಸರ್ಕಾರವೇ ನೆಡಿಸಿದ ಮರಗಳು. ಅವು ಕಡಿಯುವಷ್ಟು ಬೆಳೆಯುವ ಮೊದಲೇ, 1964ರಲ್ಲಿ, ಹೊರದೇಶದ ಮರಕ್ಕೆ ಬಾಗಿಲು ಪೂರ್ತಿ ತೆರೆಯಿತು. ಬೆಲೆ ಬಿತ್ತು. ಮರ ನಿಂತಲ್ಲೇ ನಿಂತವು, ಹುಡುಗರು ಒಸಾಕಾ, ಟೋಕಿಯೋ ಸೇರಿದರು. ಶಾಲೆಗಳು ಒಂದೊಂದಾಗಿ ಮುಚ್ಚಿದವು. ಅಡಿಕೆ ದರ ಬಿದ್ದ ವರ್ಷ ಏನಾಗುತ್ತದೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಊರು ಚೇತರಿಸಿಕೊಂಡ ಕಥೆ ಶುರುವಾಗುವುದು ಒಂದು ಶಾಲೆಯ ಗೊಂಬೆಯಿಂದ. 1927ರಲ್ಲಿ ಅಮೆರಿಕದ ಮಕ್ಕಳ ಹೆಸರಿನಲ್ಲಿ ಜಪಾನಿನ ಶಾಲೆಗಳಿಗೆ ಸ್ನೇಹದ ಕಾಣಿಕೆಯಾಗಿ ಸುಮಾರು 12 ಸಾವಿರ ಗೊಂಬೆಗಳು ಬಂದಿದ್ದವು. ಯುದ್ಧಕಾಲದಲ್ಲಿ ಅವು ಶತ್ರುವಿನ ಗೊಂಬೆಗಳಾಗಿ ಹೆಚ್ಚಿನವು ನಾಶವಾದವು. ಇಲ್ಲಿನ ಜಿನ್ರ್ಯೋ ಪ್ರಾಥಮಿಕ ಶಾಲೆಯ ಆಲಿಸ್ ಎಂಬ ಗೊಂಬೆಯನ್ನು ಮಾತ್ರ ಒಬ್ಬ ಶಿಕ್ಷಕಿ ಬಚ್ಚಿಟ್ಟು ಉಳಿಸಿದ್ದರು. ಅದರ ಜೊತೆ ಬಂದಿದ್ದ ಪುಟ್ಟ ಪಾಸ್‌ಪೋರ್ಟಿನಲ್ಲಿ ಪೆನ್ಸಿಲ್ವೇನಿಯಾದ ವಿಲ್ಕಿನ್ಸ್‌ಬರ್ಗ್ ಎಂದಿತ್ತು. ಶಿನ್ಯಾ ಓಮಿನಾಮಿ ಎಂಬ ಊರಿನವರು ಕಾಗದ ಬರೆದು ವಿಚಾರಿಸಿದರು. 1991ರಲ್ಲಿ ಊರಿನ ಜನ ತಂಡ ಕಟ್ಟಿಕೊಂಡು ಆಲಿಸಳನ್ನು ತವರಿಗೆ ಕರೆದುಕೊಂಡು ಹೋಗಿಬಂದರು. ಇದರಿಂದ ಊರಿಗೆ ಒಂದು ಯೆನ್ ಲಾಭ ಬರಲಿಲ್ಲ. ಆದರೆ ಒಟ್ಟಿಗೆ ಒಂದು ಕೆಲಸ ಮಾಡಿ ಮುಗಿಸಿದ ಗುಂಪೊಂದು ಊರಲ್ಲಿ ಉಳಿಯಿತು. ಮುಂದಿನದೆಲ್ಲ ಆ ಗುಂಪಿನದೇ.

1999ರಿಂದ ಅವರು ಪ್ರತಿವರ್ಷ ಕೆಲವು ಕಲಾವಿದರನ್ನು ಕರೆಸಿ, ಊರಲ್ಲೇ ಇರಿಸಿಕೊಂಡು, ಊಟೋಪಚಾರ ನೋಡಿಕೊಳ್ಳತೊಡಗಿದರು. ಬಂದವರಲ್ಲಿ ಕೆಲವರು ಇಲ್ಲೇ ನೆಲೆಸುತ್ತೇವೆ ಎಂದಾಗ ಮನೆಯ ಪ್ರಶ್ನೆ ಬಂತು. 2004ರಲ್ಲಿ ಗುಂಪು ಗ್ರೀನ್ ವ್ಯಾಲಿ ಎಂಬ ಸಂಸ್ಥೆಯಾಯಿತು. 2007ರಲ್ಲಿ ಹೊಸಬರನ್ನು ನೆಲೆಗೊಳಿಸುವ ಕೆಲಸವನ್ನು ಪುರಸಭೆ ಅದಕ್ಕೇ ವಹಿಸಿತು.

ನನಗೆ ಇಡೀ ಇತಿಹಾಸದಲ್ಲಿ ಮುಖ್ಯವಾಗಿ ಕಂಡದ್ದು ಇಲ್ಲಿ. ಖಾಲಿ ಮನೆಗಳಿಗೆ ಬರವಿರಲಿಲ್ಲ, ಬಾಡಿಗೆಗೆ ಕೊಡುವವರಿಗೆ ಬರ. ಒಳಗೆ ಹಿರಿಯರನ್ನು ಪೂಜಿಸುವ ಗೂಡಿದೆ, ಅವರ ಸಾಮಾನಿದೆ, ಪಿತೃಗಳ ಹಬ್ಬವಾದ ಓಬೋನ್‌ಗೆ ನಾವು ಬರುತ್ತೇವೆ, ಗೊತ್ತಿಲ್ಲದವರಿಗೆ ಕೊಟ್ಟರೆ ಊರವರು ಏನೆಂದಾರು? ಜಪಾನಿನ ಹಳ್ಳಿ ಹಳ್ಳಿಯಲ್ಲೂ ಇದೇ ಮಾತು. ಆ ದೇಶದಲ್ಲಿ ಖಾಲಿ ಮನೆಗಳು ಈಗ ಸುಮಾರು 90 ಲಕ್ಷ. ಅವುಗಳ ಬೀಗವನ್ನು ಹಣ ತೆಗೆಸುವುದಿಲ್ಲ, ಪರಿಚಯಸ್ಥರ ಮಾತು ತೆಗೆಸುತ್ತದೆ. ಕಾಮಿಯಾಮಾದಲ್ಲಿ ಮನೆ ಕೇಳಲು ಹೋದವರು ಅಧಿಕಾರಿಗಳಲ್ಲ, ಗೊಂಬೆಯ ಕಾಲದಿಂದ ಊರಿಗೆ ಗೊತ್ತಿದ್ದವರು. ಬಂದವರಿಗೆಲ್ಲ ಕೊಡಲೂ ಇಲ್ಲ. ಈ ಮನೆಗೆ ಬ್ರೆಡ್ ಮಾಡುವವರು ಬೇಕು, ಆ ಮನೆಗೆ ವಿನ್ಯಾಸಗಾರರು ಬೇಕು ಎಂದು ಕಸುಬು ಹೇಳಿಯೇ ಕರೆದರು. ನಮ್ಮ ಹಿಂದಿನವರು ಊರಿಗೊಬ್ಬ ಕಮ್ಮಾರ ಬೇಕೆಂದು ಜಾಗ ಕೊಟ್ಟು ಕರೆಸುತ್ತಿದ್ದ ಹಾಗೆ.

ಇನ್ನೊಂದು ಅದೃಷ್ಟವೂ ಕೂಡಿತು. 2011ರಲ್ಲಿ ಟಿವಿ ಡಿಜಿಟಲ್ ಆದರೆ ಒಸಾಕಾದ ಚಾನೆಲ್‌ಗಳು ಸಿಗವೆಂದು ತೊಕುಶಿಮಾ ಪ್ರಾಂತ್ಯ ಮೊದಲೇ ಬೆಟ್ಟಬೆಟ್ಟಕ್ಕೂ ಫೈಬರ್ ಕೇಬಲ್ ಎಳೆಸಿತ್ತು. ಬಳಸುವವರು ಕಡಿಮೆ, ವೇಗ ಜಾಸ್ತಿ. 2010ರಲ್ಲಿ ಟೋಕಿಯೋದ ಸಾನ್‌ಸಾನ್ ಎಂಬ ಸಾಫ್ಟ್‌ವೇರ್ ಕಂಪನಿ ಇಲ್ಲಿನ ಹಳೆಯ ಮನೆಯೊಂದರಲ್ಲಿ ಕಚೇರಿ ತೆರೆಯಿತು. ಹಿಂದೆಯೇ ಬೇರೆಯವರೂ ಬಂದರು. 2013ರಲ್ಲಿ ಮುಚ್ಚಿದ್ದ ಬಟ್ಟೆ ಹೊಲಿಯುವ ಕಾರ್ಖಾನೆಯೊಂದು ಹಲವು ಕಂಪನಿಗಳು ಹಂಚಿಕೊಳ್ಳುವ ಕಚೇರಿಯಾಯಿತು. ನಡುವೆ, 2011ರಲ್ಲಿ, ಊರು ಬಿಟ್ಟವರು 139, ಬಂದು ನೆಲೆಸಿದವರು 151. ಹನ್ನೆರಡು ಜನ ಹೆಚ್ಚು, ಅಷ್ಟೇ. ಆದರೆ ಊರು ಹುಟ್ಟಿದ ಮೇಲೆ ಹಾಗಾದದ್ದು ಅದೇ ಮೊದಲು.

ಜನಸಂಖ್ಯೆ ಏರಿಬಿಟ್ಟಿತು ಎಂದು ಬರೆದರೆ ಮೇಷ್ಟ್ರು ಅಂಕ ಕಳೆಯುತ್ತಾರೆ. ಮುದುಕರು ತೀರಿಕೊಳ್ಳುತ್ತಲೇ ಇದ್ದಾರೆ, ಈಗ ಇರುವವರು ಐದು ಸಾವಿರದ ಆಸುಪಾಸು. ಓಮಿನಾಮಿಯವರು ಇದನ್ನು ಮೊದಲೇ ಒಪ್ಪಿಕೊಂಡಿದ್ದರು. ಸಂಖ್ಯೆ ಇಳಿಯುವುದನ್ನು ತಡೆಯಲಾಗದು, ಆದರೆ ಯಾರು ಉಳಿಯುತ್ತಾರೆ, ಏನು ಮಾಡಿಕೊಂಡು ಉಳಿಯುತ್ತಾರೆ ಎಂಬುದನ್ನು ಬದಲಾಯಿಸಬಹುದು ಎಂಬುದು ಅವರ ವಾದ. 2023ರಲ್ಲಿ ಅಲ್ಲೊಂದು ಹೊಸ ತಾಂತ್ರಿಕ ಕಾಲೇಜು ಶುರುವಾಗಿದೆ, ವರ್ಷಕ್ಕೆ ನಲವತ್ತು ಮಕ್ಕಳು. ಅವರ ಹಾಸ್ಟೆಲ್ ಇರುವುದು ಊರಿನ ಹಳೆಯ ಮಾಧ್ಯಮಿಕ ಶಾಲೆಯ ಕಟ್ಟಡದಲ್ಲಿ.

ಕಾಮಿಯಾಮಾದ ಬೀದಿಯಲ್ಲಿ ನಡೆಯುವಾಗ ನನ್ನ ಚೀಲದಲ್ಲಿ ಒಂದು ಬೀಗದ ಕೈ ಇತ್ತು. ನಮ್ಮೂರಿನ ಅಜ್ಜನ ಮನೆಯದು. ಅಜ್ಜಿ ಹೋದ ಮೇಲೆ ಆ ಮನೆ ತೆರೆಯುವುದು ವರ್ಷಕ್ಕೆ ಎರಡು ಸಲ. ನಮ್ಮ ಬೀದಿಯಲ್ಲಿ ಹಾಗೆ ಬೀಗ ಬಿದ್ದ ಮನೆ ಏಳು. ಅದೇ ಊರಿನ ಈ ಶಾಲೆಗೆ ಬಂದಿರುವ ವಿಜ್ಞಾನದ ಟೀಚರ್, ಬಾಡಿಗೆ ಮನೆ ಸಿಗದೆ ತಾಲ್ಲೂಕು ಕೇಂದ್ರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ, ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಪಾಠ ಹೇಳಲು ಅವರು ತಯಾರಿದ್ದಾರೆಂದು ಮೇಷ್ಟ್ರೇ ಹೇಳಿದರು.

ಕಳೆದ ತಿಂಗಳು ದೊಡ್ಡಪ್ಪನಿಗೆ ಫೋನ್ ಮಾಡಿ ವಿಷಯ ಎತ್ತಿದೆ. "ದೇವರ ಮನೆ ಇದೆಯಲ್ಲೋ" ಎಂದರು. ಅದೊಂದಕ್ಕೆ ಬೀಗ ಹಾಕಿಕೊಳ್ಳೋಣ, ಉಳಿದದ್ದು ಟೀಚರಿಗೆ ಕೊಡೋಣ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೌರಿ ಹಬ್ಬಕ್ಕೆ ಬಾ, ಮೊದಲು ಹೆಂಚು ಎಲ್ಲೆಲ್ಲಿ ಸೋರುತ್ತೆ ನೋಡೋಣ" ಎಂದರು.