ಒಂದು ಬೀಜ, ಒಂದು ಮೂಟೆ: ಬೂಷ್ಟಿನ ವಿಷವನ್ನು ಅಳೆದ ಚರಿತ್ರೆ

ಅರಸೀಕೆರೆ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಲುಗಿಸಿ, ಒಡೆದು, ಮೂಸಿ ನೋಡಿ ಬೂಷ್ಟು ಹಿಡಿದದ್ದನ್ನು ಬೇರೆ ಮಾಡುವುದು ಹಳೆಯ ಪರೀಕ್ಷೆ. ಬೇಲೂರಿನ ಕಡೆ ಕಾಫಿಯನ್ನು ಕಣದಲ್ಲಿ ಹರವುವಾಗ, ಹಳೇಬೀಡಿನ ಸುತ್ತ ಮುಸುಕಿನ ಜೋಳವನ್ನು ಒಣಗಿಸುವಾಗ ಕೂಡ ಕಣ್ಣು, ಮೂಗುಗಳೇ ಪರೀಕ್ಷಾ ಸಾಧನಗಳು. ಆದರೆ ಬೂಷ್ಟನ್ನು ಒರೆಸಿದ ಮೇಲೂ ಅದು ಉತ್ಪತ್ತಿ ಮಾಡಿದ ವಿಷ ಕಾಳಿನೊಳಗೆ ಉಳಿದಿರಬಹುದು. ಅದು ಕಣ್ಣಿಗೆ ಕಾಣದು. ಬೇಯಿಸಿದರೂ ಪೂರ್ತಿ ನಾಶವಾಗದು. ಹಾಗಾದರೆ ಅದನ್ನು ಪತ್ತೆ ಮಾಡುವುದು ಹೇಗೆ?

ಟರ್ಕಿ ಕೋಳಿಗಳ ಸಾವು

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ಹುಡುಕಿದಾಗ ಸಂಶಯ ಹೋದದ್ದು ಬ್ರೆಜಿಲಿನಿಂದ ಬಂದ ನೆಲಗಡಲೆ ಹಿಂಡಿಯ ಮೇಲೆ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದಿತ್ತು. ಅದರ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅತಿನೇರಿಳೆ ಬೆಳಕಿನಲ್ಲಿ ಈ ವಿಷದ ಕೆಲವು ರೂಪಗಳು ನೀಲಿಯಾಗಿ, ಕೆಲವು ಹಸಿರಾಗಿ ಹೊಳೆಯುತ್ತವೆ. ಈ ಪ್ರತಿದೀಪ್ತಿಯೇ ಅದನ್ನು ಅಳೆಯಲು ಸಿಕ್ಕ ಮೊದಲ ಸುಳಿವು.

ಈ ಸುದ್ದಿ ಮೈಸೂರಿಗೂ ಸಂಬಂಧಿಸಿತ್ತು. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ನೆಲಗಡಲೆ ಹಿಟ್ಟು ಮತ್ತು ಕಡಲೆ ಹಿಟ್ಟುಗಳಿಂದ ಪೌಷ್ಟಿಕ ಆಹಾರವನ್ನು ರೂಪಿಸಿತ್ತು. ಮಕ್ಕಳ ಅಪೌಷ್ಟಿಕತೆಗೆ ಪರಿಹಾರವೆಂದುಕೊಂಡ ಹಿಟ್ಟಿನಲ್ಲೇ ವಿಷವಿದ್ದರೆ? ಅಲ್ಲಿನ ವಿ. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ನೆಲಗಡಲೆ ಹಿಂಡಿಯ ಅಫ್ಲಟಾಕ್ಸಿನನ್ನು ಹೈಡ್ರೊಜನ್ ಪೆರಾಕ್ಸೈಡಿನಿಂದ ನಾಶಪಡಿಸುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ಸುಮಾರು 100 ಮಂದಿ ಯಕೃತ್ತಿನ ರೋಗದಿಂದ ಸತ್ತಾಗ, ಇದು ಕೋಳಿಗಳ ಸಮಸ್ಯೆ ಮಾತ್ರವಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಗಾಜಿನ ಫಲಕದಿಂದ ಯಂತ್ರಕ್ಕೆ

1960ರ ದಶಕದ ವಿಧಾನ ತೆಳುಪದರ ಕ್ರೊಮಟೋಗ್ರಫಿ. ಕಾಳನ್ನು ಪುಡಿಮಾಡಿ, ಕ್ಲೋರೊಫಾರಮಿನಂಥ ದ್ರಾವಕದಲ್ಲಿ ವಿಷವನ್ನು ಇಳಿಸಿ, ಸಿಲಿಕಾ ಲೇಪಿಸಿದ ಗಾಜಿನ ಫಲಕದ ಮೇಲೆ ಚುಕ್ಕಿ ಇಡಬೇಕು. ಘಟಕಗಳು ಬೇರ್ಪಟ್ಟ ಬಳಿಕ ಅತಿನೇರಿಳೆ ದೀಪದಡಿ ಹೊಳೆಯುವ ಚುಕ್ಕಿಯನ್ನು ಪ್ರಮಾಣ ಚುಕ್ಕಿಗಳೊಡನೆ ಹೋಲಿಸಬೇಕು. ತೀರ್ಪು ಕಣ್ಣಿನದು, ಒಬ್ಬರಿಗೆ ಕಂಡಂತೆ ಇನ್ನೊಬ್ಬರಿಗೆ ಕಾಣದು.

ಮುಂದೆ ಒಂದೊಂದೇ ಕೆಲಸ ಯಂತ್ರದ ಪಾಲಾಯಿತು. ರಕ್ತಪರೀಕ್ಷೆಗೆ ಲಿಯೊನಾರ್ಡ್ ಸ್ಕೆಗ್ಸ್ ರೂಪಿಸಿದ ಸ್ವಯಂಚಾಲಿತ ವಿಶ್ಲೇಷಕ 1957ರಲ್ಲೇ ದಾರಿ ತೋರಿಸಿತ್ತು. 1970ರ ದಶಕದಿಂದ ಅಧಿಕ ಒತ್ತಡದ ದ್ರವ ಕ್ರೊಮಟೋಗ್ರಫಿ ಬಂದು, ಹೊಳಪನ್ನು ಕಣ್ಣಿನ ಬದಲು ದ್ಯುತಿಸಂವೇದಕ ಅಳೆಯಿತು. 1971ರಲ್ಲಿ ಪ್ರಕಟವಾದ ಎಲೈಸಾ ತತ್ತ್ವದಿಂದ, ವಿಷವನ್ನೇ ಹಿಡಿಯುವ ಪ್ರತಿಕಾಯಗಳನ್ನು ಬಳಸಿ 96 ಗುಳಿಗಳ ಒಂದೇ ತಟ್ಟೆಯಲ್ಲಿ ಹಲವು ಮಾದರಿಗಳನ್ನು ನೋಡುವುದು ಸಾಧ್ಯವಾಯಿತು. ಇಂದು ಮಾದರಿಯ ಸೀಸೆಗಳನ್ನು ಸಾಲಾಗಿ ಜೋಡಿಸಿಟ್ಟರೆ, ಯಂತ್ರ ರಾತ್ರಿಯಿಡೀ ತಾನೇ ಹೀರಿ, ಬೇರ್ಪಡಿಸಿ, ಅಳೆದು, ಫಲಿತಾಂಶ ಬರೆದಿಡುತ್ತದೆ.

ಇಂಥ ವೇಗ ಬೇಕಾದದ್ದು ನಿಯಮಗಳು ಬಿಗಿಯಾದುದರಿಂದ. ಕಾಫಿಯಲ್ಲಿ ಕಾಣಬಹುದಾದ ಓಕ್ರಟಾಕ್ಸಿನ್ ಎಂಬ ಶಿಲೀಂಧ್ರ ವಿಷಕ್ಕೆ ಐರೋಪ್ಯ ಒಕ್ಕೂಟ 2005ರಲ್ಲಿ, ಹುರಿದ ಕಾಫಿಯ ಪ್ರತಿ ಕಿಲೊಗ್ರಾಮಿಗೆ 5 ಮೈಕ್ರೊಗ್ರಾಂ ಮಿತಿ ಹಾಕಿತು. 2023ರಿಂದ ಅದು 3ಕ್ಕೆ ಇಳಿದಿದೆ. ಕಣದಲ್ಲಿ ಮಳೆಗೆ ನೆನೆದ ಕಾಫಿ ಹಡಗು ಹತ್ತಿದ ಮೇಲೆ ತಿರಸ್ಕೃತವಾದರೆ, ನಷ್ಟದ ಬಿಸಿ ಬೆಳೆಗಾರನವರೆಗೂ ತಟ್ಟುತ್ತದೆ.

ಯಂತ್ರಕ್ಕೆ ಮುನ್ನ ಆಗುವ ತಪ್ಪು

ಯಂತ್ರ ಅಳೆಯುವುದು ತನಗೆ ಕೊಟ್ಟದ್ದನ್ನು ಮಾತ್ರ. ಶಿಲೀಂಧ್ರ ಮೂಟೆಯಲ್ಲೆಲ್ಲ ಒಂದೇ ಸಮನಾಗಿ ಬೆಳೆಯುವುದಿಲ್ಲ. ಒಂದು ಗ್ರಾಮಿಗೆ 1 ಮಿಲಿಗ್ರಾಮಿಗಿಂತ ಹೆಚ್ಚು ಅಫ್ಲಟಾಕ್ಸಿನ್ ಇದ್ದ ನೆಲಗಡಲೆ ಬೀಜಗಳನ್ನು 1960ರ ದಶಕದಲ್ಲೇ ಕಂಡಿದ್ದರು. ಅಂಥ ಅರ್ಧ ಗ್ರಾಮಿನ ಒಂದೇ ಬೀಜದಲ್ಲಿ 500 ಮೈಕ್ರೊಗ್ರಾಂ ವಿಷವಿದೆ ಎನ್ನೋಣ. 30 ಕಿಲೊಗ್ರಾಂ ಮೂಟೆಯಲ್ಲಿ ಅದೊಂದೇ ಕೆಟ್ಟ ಬೀಜವಿದ್ದರೂ ಸರಾಸರಿ, ಕಿಲೊಗ್ರಾಮಿಗೆ ಸುಮಾರು 17 ಮೈಕ್ರೊಗ್ರಾಂ. ಸಂಸ್ಕರಣೆಗೆ ಹೋಗುವ ನೆಲಗಡಲೆಗೆ ನಮ್ಮ ದೇಶದ ಮಿತಿ 15.

ಈಗ ಮೂಟೆಯಿಂದ 1 ಕಿಲೊಗ್ರಾಂ ಮಾತ್ರ ತೆಗೆದು ಪರೀಕ್ಷಿಸಿದರೆ? 30 ಸಲಕ್ಕೆ ಸುಮಾರು 29 ಸಲ ಆ ಬೀಜ ಬರುವುದೇ ಇಲ್ಲ, ಫಲಿತಾಂಶ ಸೊನ್ನೆ. ಬಂದ ಒಂದು ಸಲ 500. ಯಂತ್ರ ಎರಡು ಸಲವೂ ನಿಜವನ್ನೇ ಹೇಳಿದೆ. ಮೂಟೆಯ ಮಟ್ಟಿಗೆ ಎರಡೂ ತಪ್ಪು. ಆದುದರಿಂದಲೇ ಐರೋಪ್ಯ ಒಕ್ಕೂಟದ 2006ರ ನಿಯಮ, ನೆಲಗಡಲೆಯ ದೊಡ್ಡ ರಾಶಿಗೆ 100 ಕಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು 30 ಕಿಲೊಗ್ರಾಂ ಒಟ್ಟುಗೂಡಿಸುವಂತೆ ಹೇಳಿತು. ಚಲಿಸುವ ಪಟ್ಟಿಯಿಂದ ನಿಗದಿತ ಅಂತರದಲ್ಲಿ ಕಾಳು ತೆಗೆಯುವ ಸ್ವಯಂಚಾಲಿತ ಸಾಧನಗಳೂ ಇವೆ. ಆದರೆ ರೈತ ತಂದ ನಾಲ್ಕು ಚೀಲಗಳ ಮುಂದೆ ನಿಂತಾಗ ಇದು ಇನ್ನೂ ಮನುಷ್ಯನ ಕೈಕೆಲಸವೇ.

ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಒಂದು ಡಬ್ಬ ಕಡಲೆಯಲ್ಲಿ ಒಂದೇ ಒಂದು ಬಣ್ಣ ಹಚ್ಚಿದ ಕಾಳು ಬೆರೆಸಿ, ಪ್ರತಿ ವಿದ್ಯಾರ್ಥಿಯಿಂದ ಒಂದು ಹಿಡಿ ತೆಗೆಸಿ, ಮತ್ತೆ ಹಾಕಿಸಿ. ಎಷ್ಟು ಮಂದಿ 'ಕೆಟ್ಟ ಕಾಳು ಇಲ್ಲ' ಎಂದು ವರದಿ ಮಾಡುತ್ತಾರೆ, ಎಣಿಸಿ. ಅಟ್ಟದಲ್ಲಿ, ಕಣದಲ್ಲಿ ಚೆನ್ನಾಗಿ ಒಣಗಿಸುವುದು ಯಾವ ಯಂತ್ರಕ್ಕಿಂತಲೂ ಮೊದಲು ಏಕೆ ಬರುತ್ತದೆ ಎಂಬುದು ಆಗ ಅವರಿಗೇ ಹೊಳೆಯುತ್ತದೆ.