ಕಬಡ್ಡಿಗೆ ಅನ್ನ ಹಾಕಿದ ಊರು

ಬೆಂಗಳೂರಿನ ಅರೆಕೆರೆ ಗೇಟಿನಿಂದ ಐಐಎಂ ಕಡೆಗೆ ಹೊರಟರೆ ವಿಜಯಾ ಬ್ಯಾಂಕ್ ಲೇಔಟ್ ಸಿಗುತ್ತದೆ. ಆಟೋದವರಿಗೆ ಗುರುತು ಹೇಳಲು ಆ ಹೆಸರು ಈಗಲೂ ಬೇಕು, ಬ್ಯಾಂಕು ಮಾತ್ರ ಇಲ್ಲ. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 1969ರಲ್ಲಿ ಪ್ರಧಾನ ಕಚೇರಿಯನ್ನು ಬೆಂಗಳೂರಿಗೆ ತಂದ ಆ ಬ್ಯಾಂಕಿಗೆ ತನ್ನದೇ ಕಬಡ್ಡಿ ತಂಡವೂ ಇತ್ತು.

ಕಬಡ್ಡಿಯನ್ನು ಬೆಳೆಸಿದ್ದು ಟಿ.ವಿ. ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಬ್ಯಾಂಕು, ರೈಲ್ವೆ, ಸರ್ಕಾರಿ ಕಾರ್ಖಾನೆಗಳು ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟು ಆಟಗಾರರನ್ನು ಸಾಕಿದವು. ಮಗ ಮೊಣಕಾಲು ತರಚಿಕೊಂಡು ಬಂದರೆ ಬೈಯುತ್ತಿದ್ದ ಅಪ್ಪ, ನೇಮಕಾತಿ ಪತ್ರ ಬಂದ ಮೇಲೆ ಸುಮ್ಮನಾದ! ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ರೈಲ್ವೆ ನೌಕರಿಯಲ್ಲಿದ್ದುಕೊಂಡೇ 2012ರ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿ ಕಪ್ ಗೆದ್ದರು.

ಹೊರದೇಶಕ್ಕೆ ಆಟ ನಿಧಾನವಾಗಿ ಹೋಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಪ್ರದರ್ಶನ ನೀಡಿದರು. ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಗಲು 1990ರ ಬೀಜಿಂಗ್‌ವರೆಗೆ ಕಾಯಬೇಕಾಯಿತು, ಮಹಿಳೆಯರಿಗಂತೂ 2010ರವರೆಗೆ. ಮಣ್ಣು ಹೋಗಿ ಮ್ಯಾಟ್ ಬಂತು, ನಮ್ಮ ಕೋಚ್‌ಗಳು ವಿಮಾನ ಹತ್ತಿದರು. 2018ರಲ್ಲಿ ಜಕಾರ್ತದಲ್ಲಿ ಇರಾನ್ ನಮ್ಮ ಪುರುಷರನ್ನು ಸೆಮಿಫೈನಲ್‌ನಲ್ಲಿ 27–18ರಿಂದ, ಮಹಿಳೆಯರನ್ನು ಫೈನಲ್‌ನಲ್ಲಿ 27–24ರಿಂದ ಸೋಲಿಸಿತು. ಇರಾನಿನ ಮಹಿಳೆಯರಿಗೆ ಕಲಿಸಿದವರು ನಾಸಿಕ್‌ನ ಶೈಲಜಾ ಜೈನ್. ಹೊಟ್ಟೆ ಉರಿದದ್ದು ನಿಜ. ಆದರೂ ಆಟ ಹರಡಿದೆ ಎನ್ನಲು ಆ ಸೋಲಿಗಿಂತ ಒಳ್ಳೆಯ ಪುರಾವೆ ಬೇಕೆ?

ಕೋವಿಡ್ ಕಾಲದಲ್ಲಿ, 2021ರ ಡಿಸೆಂಬರಿನಿಂದ 2022ರ ಫೆಬ್ರವರಿವರೆಗೆ, ಪ್ರೊ ಕಬಡ್ಡಿಯ ಇಡೀ ಎಂಟನೇ ಆವೃತ್ತಿ ನಡೆದದ್ದು ನಮ್ಮ ವೈಟ್‌ಫೀಲ್ಡಿನ ಶೆರಟನ್ ಹೋಟೆಲಿನಲ್ಲಿ, ಪ್ರೇಕ್ಷಕರಿಲ್ಲದೆ. 2024ರಲ್ಲಿ ಪುಣೇರಿ ಪಲ್ಟನ್ ಚಾಂಪಿಯನ್ ಆದಾಗ ತಂಡದಲ್ಲಿ 2.35 ಕೋಟಿ ರೂಪಾಯಿ ಕೊಟ್ಟು ತಂದಿದ್ದ ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂ ಇದ್ದ; ಕೋಚ್ ಆಗಿದ್ದವರು ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ.ಸಿ. ರಮೇಶ್.

ಇಷ್ಟಾಗಿಯೂ ನಮ್ಮ ಬಡಾವಣೆಗಳ ಪಾರ್ಕುಗಳಲ್ಲಿ ವಾಕಿಂಗ್ ದಾರಿಗೆ ಸಿಗುವ ಜಾಗ ಕಬಡ್ಡಿಗೆ ಸಿಗುವುದಿಲ್ಲ. ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಸಂಘದವರು ಹುಡುಗ ಹುಡುಗಿಯರಿಬ್ಬರಿಗೂ ಪಂದ್ಯ ಇಡಬೇಕೆಂದು ನನ್ನ ಕೋರಿಕೆ. ಪುರುಷರ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದಕ್ಕೆ 12 ಮತ್ತು 8 ಸಾಕು. ಅಷ್ಟು ಜಾಗ ಯಾರ ಗಮನದಲ್ಲಿದ್ದರೂ ದಯವಿಟ್ಟು ತಿಳಿಸಿ.