ಅಂಗೈಗೆ ಬಂದ ಪ್ರಯೋಗಾಲಯ

ರಬಕವಿ-ಬನಹಟ್ಟಿಯ ನೇಕಾರರೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾವಿಸಿ. ರಕ್ತ ಕೊಡಲು ಒಮ್ಮೆ, ವರದಿ ತರಲು ಮತ್ತೊಮ್ಮೆ ಮಗ್ಗ ಬಿಟ್ಟು ಹೋದರೆ ಅಷ್ಟು ಹೊತ್ತಿನ ದುಡಿಮೆ ನಿಂತಂತೆಯೇ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕಬ್ಬಿನ ಹೊಲಗಳಲ್ಲಿ ದುಡಿಯುವವರ ಪಾಡೂ ಇದೇ. ಹೀಗೆ ಪರೀಕ್ಷೆಯನ್ನು ಮುಂದೂಡುತ್ತಾ ಹೋದಾಗ ಕಣ್ಣು, ಮೂತ್ರಪಿಂಡಗಳಿಗೆ ಸದ್ದಿಲ್ಲದೆ ಹಾನಿಯಾಗಬಹುದು. ಪ್ರಯೋಗಾಲಯವೇ ರೋಗಿಯ ಬಳಿಗೆ ಬಂದರೆ ಹೇಗೆ? ಈ ಪ್ರಯತ್ನಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

1960ರ ದಶಕದಲ್ಲಿ ರಕ್ತದ ಗ್ಲೂಕೋಸನ್ನು ತೋರಿಸುವ ಕಾಗದದ ಪಟ್ಟಿ ಬಳಕೆಗೆ ಬಂದಿತು. ಅದರ ಮೇಲೆ ಮೂಡಿದ ಬಣ್ಣವನ್ನು ಮಾದರಿ ಬಣ್ಣಗಳೊಡನೆ ಕಣ್ಣಿನಿಂದಲೇ ಹೋಲಿಸಬೇಕಿತ್ತು. 1970ರ ಸುಮಾರಿಗೆ ಅಮೆರಿಕದ ಏಮ್ಸ್ ಕಂಪನಿಯ ಮಾಪಕವು ಪಟ್ಟಿಯಿಂದ ಪ್ರತಿಫಲಿಸಿದ ಬೆಳಕನ್ನು ಅಳೆಯತೊಡಗಿತು. ಅದರ ತೂಕ ಒಂದು ಕಿಲೋಗ್ರಾಂಗಿಂತ ಹೆಚ್ಚು!

ಈ ನಡುವೆ, 1962ರಲ್ಲಿ, ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಬ ವಿಜ್ಞಾನಿಗಳು ವಿದ್ಯುದಗ್ರಕ್ಕೆ ಕಿಣ್ವವನ್ನು ಜೋಡಿಸುವ ವಿಧಾನವನ್ನು ಸೂಚಿಸಿದ್ದರು. 1984ರಲ್ಲಿ ಬ್ರಿಟನ್ನಿನ ಸಂಶೋಧಕರು ಗ್ಲೂಕೋಸ್-ಕಿಣ್ವ ಕ್ರಿಯೆಯಲ್ಲಿ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು ವಿದ್ಯುದಗ್ರಕ್ಕೆ ಒಯ್ಯಲು ಫೆರೊಸೀನ್ ಸಂಯುಕ್ತವನ್ನು ಬಳಸಿದರು. ಗ್ಲೂಕೋಸ್ ಹೆಚ್ಚಿದಷ್ಟೂ ವಿದ್ಯುತ್ ಪ್ರವಾಹ ಹೆಚ್ಚು. ಬಣ್ಣ, ಬೆಳಕುಗಳ ಹಂಗು ತಪ್ಪಿತು. 1987ರಲ್ಲಿ ಪೆನ್ನಿನಷ್ಟೇ ದೊಡ್ಡ ಮಾಪಕ ಮಾರುಕಟ್ಟೆಗೆ ಬಂದಿತು. ಅಳೆಯುವ ವಿಧಾನ ಬದಲಾದುದರಿಂದಲೇ ಯಂತ್ರ ಕುಗ್ಗಿತು ಎಂಬುದನ್ನು ಗಮನಿಸಿ.

ಆದರೆ ಗ್ಲೂಕೋಸ್ ಮಾಪಕ ತಿಳಿಸುವುದು ಆ ಕ್ಷಣದ ಮಟ್ಟವನ್ನು ಮಾತ್ರ. ಗ್ಲೂಕೋಸ್ ಕೆಂಪು ರಕ್ತಕಣಗಳ ಹೀಮೊಗ್ಲೋಬಿನ್‌ಗೂ ಅಂಟಿಕೊಳ್ಳುತ್ತದೆ. ಈ ಕಣಗಳ ಆಯಸ್ಸು ಸುಮಾರು 120 ದಿನ. ಹೀಗಾಗಿ ಗ್ಲೂಕೋಸ್ ಅಂಟಿದ ಹೀಮೊಗ್ಲೋಬಿನ್‌ನ ಶೇಕಡಾ ಪ್ರಮಾಣದಿಂದ (ಎಚ್‌ಬಿಎ1ಸಿ) ಹಿಂದಿನ ಎರಡು-ಮೂರು ತಿಂಗಳ ಸ್ಥಿತಿ ತಿಳಿಯುತ್ತದೆ. ಮಧುಮೇಹಿಗಳ ರಕ್ತದಲ್ಲಿನ ಈ ವ್ಯತ್ಯಾಸವನ್ನು 1968ರಲ್ಲಿ ವರದಿ ಮಾಡಿದವರು ಇರಾನಿನ ಸ್ಯಾಮ್ಯುಯೆಲ್ ರಹಬಾರ್.

ಇದನ್ನೂ ಅಂಗೈಗೆ ತರುವ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಮತ್ತು ಸಂಗಡಿಗರು ವಿದ್ಯುತ್-ರಾಸಾಯನಿಕ ಸಂವೇದಕಗಳನ್ನು ರೂಪಿಸಿದರು. 2015ರಲ್ಲಿ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿತು. ಅದರ 'ಅನುಪಾಥ್' ಎಂಬ ಕೈಯಲ್ಲಿ ಹಿಡಿಯುವ ಸಾಧನ ಬೇರೆ ಬೇರೆ ಪಟ್ಟಿಗಳ ನೆರವಿನಿಂದ ಗ್ಲೂಕೋಸ್, ಹೀಮೊಗ್ಲೋಬಿನ್, ಎಚ್‌ಬಿಎ1ಸಿ ಹಾಗೂ ಮೂತ್ರದ ಆಲ್ಬುಮಿನ್‌ಗಳನ್ನು ಅಳೆಯುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಹೆಚ್ಚುವುದು ಮೂತ್ರಪಿಂಡದ ಹಾನಿಯ ಮುನ್ಸೂಚನೆ. ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಒಂದೇ ಸಾಧನ ಹೀಮೊಗ್ಲೋಬಿನ್ನನ್ನೂ ಅಳೆಯುವುದರಿಂದ ಏನು ಲಾಭ? ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರಬೇಕಾದುದಕ್ಕಿಂತ ಹೆಚ್ಚಾಗಿ ಕಾಣಿಸಬಹುದು. ಎರಡನ್ನೂ ನೋಡಿದರೆ ವೈದ್ಯರು ಮೋಸಹೋಗುವುದು ತಪ್ಪುತ್ತದೆ. ಬಿಸಿಲು, ತೇವಕ್ಕೆ ಕಿಣ್ವದ ಪಟ್ಟಿ ಕೆಟ್ಟರೆ ಅಂಕಿಯೂ ಕೆಡುತ್ತದೆ. ಆದ್ದರಿಂದ ಪಟ್ಟಿಯನ್ನು ಕಾಪಾಡುವ, ಅಂಕಿಯನ್ನು ಅರ್ಥಮಾಡಿಕೊಳ್ಳುವ ಕೈಗಳೂ ಹಳ್ಳಿಯಲ್ಲಿರಬೇಕು. ಅಂಥವರನ್ನು ಸಿದ್ಧಗೊಳಿಸುವ ಕೆಲಸ ನಿಮ್ಮ ತರಗತಿಯಿಂದಲೇ ಆರಂಭವಾಗಬಹುದಲ್ಲವೆ?